ಅರಳಿಕಟ್ಟೆಗೆ ಟಿಕೆಟ್: ಎಕ್ಸ್‌ನ ಮೂರು ಕೌಂಟರ್‌ಗಳ ವಿಮರ್ಶೆ

ಎಕ್ಸ್, ಅಂದರೆ ಹಳೆಯ ಟ್ವಿಟರ್, ಮೂರು ಸರಕು ಮಾರುತ್ತದೆ. ಜಾಹೀರಾತು ಕೊಡುವವರಿಗೆ ಜನರ ಗಮನ, ಬಳಸುವವರಿಗೆ ನೀಲಿ ಟಿಕ್‌ನ ಚಂದಾ, ಸಾಫ್ಟ್‌ವೇರ್ ಬರೆಯುವವರಿಗೆ ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾಹಿತಿ ಕೊಟ್ಟು ತೆಗೆದುಕೊಳ್ಳುವ ಬಾಗಿಲು) ಮೂಲಕ ಪೋಸ್ಟ್‌ಗಳ ದತ್ತಾಂಶ. ಕೌಂಟರ್ ಬೇರೆ, ಗಿರಾಕಿ ಬೇರೆ, ಗೋದಾಮು ಮಾತ್ರ ಒಂದೇ. ಒಂದು ಕೌಂಟರ್‌ನಲ್ಲಿ ಆದಾಯ ಹಿಂಡಲು ಹೋದಾಗಲೆಲ್ಲ ಪಕ್ಕದ ಕೌಂಟರ್‌ನ ಮಾಲು ಕೆಡುತ್ತದೆ. ದರಪಟ್ಟಿ ಎಷ್ಟು ಓದಿದರೂ ಇದು ಕಾಣುವುದಿಲ್ಲ. ದುಡ್ಡು ಹಾಕುವ ಮುನ್ನ ತಿಳಿದಿರಬೇಕಾದದ್ದು ಮಾತ್ರ ಇದೇ.

ಮೊದಲು ಲೆಕ್ಕದ ಪುಸ್ತಕ. 2006ರ ಮಾರ್ಚ್‌ನಲ್ಲಿ ಶುರುವಾದ ಕಂಪನಿ ಮೊದಲ ಬಾರಿಗೆ ಒಂದು ತ್ರೈಮಾಸಿಕದಲ್ಲಿ ಲಾಭ ತೋರಿಸಿದ್ದು 2017ರ ಕೊನೆಯಲ್ಲಿ. ಅಷ್ಟೊತ್ತಿಗೆ ಅದು ಷೇರುಪೇಟೆಗೆ ಬಂದು ನಾಲ್ಕು ವರ್ಷ ಆಗಿತ್ತು. ಅಧ್ಯಕ್ಷರು, ಮಂತ್ರಿಗಳು, ಪತ್ರಕರ್ತರು ಎಲ್ಲರೂ ಅದರ ಮೇಲೆಯೇ ಮಾತಾಡುತ್ತಿದ್ದರು. ಷೇರುಪೇಟೆಯಲ್ಲಿದ್ದಾಗಿನ ಕೊನೆಯ ಪೂರ್ಣ ವರ್ಷ 2021. ಆದಾಯ 508 ಕೋಟಿ ಡಾಲರ್, ಅದರಲ್ಲಿ ಜಾಹೀರಾತಿನದೇ 451 ಕೋಟಿ, ಕೊನೆಯಲ್ಲಿ ಉಳಿದದ್ದು 22 ಕೋಟಿ ನಷ್ಟ. ಷೇರುದಾರರ ಮೊಕದ್ದಮೆಯೊಂದನ್ನು ಮುಗಿಸಿಕೊಳ್ಳಲು ಆ ವರ್ಷ ಒಪ್ಪಿದ 80.95 ಕೋಟಿ ಡಾಲರ್ ಇಲ್ಲದಿದ್ದರೆ ಲಾಭವೇ ಬರುತ್ತಿತ್ತು, ನಿಜ. ಆದರೆ ಅದೇ ವರ್ಷ ಫೇಸ್‌ಬುಕ್ ನಡೆಸುವ ಮೆಟಾದ ಆದಾಯ ಸುಮಾರು 11,800 ಕೋಟಿ ಡಾಲರ್.

ಮೆಟಾ ದೊಡ್ಡದು, ಹೋಲಿಸುವುದೇ ಅನ್ಯಾಯ ಎನ್ನುವವರು ತಲೆವಾರು ಲೆಕ್ಕ ಹಾಕಿ ನೋಡಬಹುದು. 2021ರ ಕೊನೆಗೆ ಟ್ವಿಟರ್‌ಗೆ ದಿನವೂ ಬರುತ್ತಿದ್ದವರು 21.7 ಕೋಟಿ, ತಲೆಗೆ ವರ್ಷಕ್ಕೆ ಸುಮಾರು 23 ಡಾಲರ್. ಮೆಟಾದ ಎಲ್ಲ ಆ್ಯಪ್ ಸೇರಿಸಿದರೆ ದಿನಕ್ಕೆ 282 ಕೋಟಿ ಜನ. ತಲೆಗೆ ಸುಮಾರು 42 ಡಾಲರ್. ಎರಡೂ ಕಡೆ ಎಣಿಸುವ ಕ್ರಮ ಒಂದೇ ಅಲ್ಲ, ಆದರೂ ಸರ್ಕಾರಗಳನ್ನೇ ಬೆಚ್ಚಿಬೀಳಿಸುವ ತಾಣದ ಗಳಿಕೆ ತಲೆಗೆ ಹೆಚ್ಚುಕಮ್ಮಿ ಅರ್ಧ.

ಯಾಕೆಂದರೆ ಈ ಪ್ರಭಾವ ಖರ್ಚಾಗುವುದು ಅಂಗಡಿಯ ಹೊರಗೆ. ಮಂತ್ರಿಯ ಪೋಸ್ಟ್ ಟಿವಿ ಪರದೆಯಲ್ಲಿ ಬರುತ್ತದೆ, ಪತ್ರಿಕೆಯ ಮುಖಪುಟದಲ್ಲಿ ಬರುತ್ತದೆ, ಸ್ಕ್ರೀನ್‌ಶಾಟ್ ಆಗಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತುತ್ತದೆ. ಅಲ್ಲೆಲ್ಲ ನೋಡಿದವರು ಎಕ್ಸ್‌ನ ಒಂದು ಜಾಹೀರಾತನ್ನೂ ನೋಡಿರುವುದಿಲ್ಲ. ಅರಳಿಕಟ್ಟೆಯ ಮಾತು ಊರೆಲ್ಲ ತಿರುಗುತ್ತದೆ, ಕಟ್ಟೆ ಕಟ್ಟಿಸಿದವನ ಕೈಗೆ ಕಾಸು ಬರುವುದಿಲ್ಲ. ಸರ್ವರ್ ಖರ್ಚು, ಕೆಟ್ಟ ಪೋಸ್ಟ್ ಸೋಸುವ ಮಾಡರೇಷನ್ ಖರ್ಚು, ವಕೀಲರ ಫೀಸು ಮಾತ್ರ ಪೂರ್ತಿ ಒಳಗೇ ಬೀಳುತ್ತದೆ. 2023ರ ಮಾರ್ಚ್‌ನಲ್ಲಿ ಶಿಫಾರಸು ವ್ಯವಸ್ಥೆಯ ಕೋಡ್ ಬಿಡುಗಡೆ ಮಾಡಿದಾಗ ಕಂಪನಿಯೇ ಹೇಳಿದ ಲೆಕ್ಕ ಇದು: ನೀವು ಒಮ್ಮೆ ಫೀಡ್ ತೆರೆದರೆ ಸುಮಾರು 1,500 ಪೋಸ್ಟ್‌ಗಳನ್ನು ಆರಿಸಿ ಅಂಕ ಹಾಕಬೇಕು, ಅದಕ್ಕೆ 220 ಸೆಕೆಂಡಿನಷ್ಟು ಸಿಪಿಯು ಸಮಯ ಬೇಕು, ಅನೇಕ ಯಂತ್ರಗಳು ಒಟ್ಟಿಗೆ ದುಡಿಯುವುದರಿಂದ ಕೆಲಸ ಮುಗಿಯುವುದು ಸರಾಸರಿ ಒಂದೂವರೆ ಸೆಕೆಂಡಿನೊಳಗೆ, ಇಂಥದ್ದು ದಿನಕ್ಕೆ ಸುಮಾರು 500 ಕೋಟಿ ಬಾರಿ. ಪುಕ್ಕಟೆ ಬಂದು ಕೂರುವವನ ಹಿಂದೆ ಇಷ್ಟು ಯಂತ್ರ ತಿರುಗುತ್ತಿರುತ್ತದೆ.

ಜಾಹೀರಾತಿನ ಕೌಂಟರ್

ಜಾಹೀರಾತಿನಲ್ಲಿ ಎರಡು ಜಾತಿ. ಹೆಸರು ನೆನಪಿನಲ್ಲಿ ಉಳಿಯಲಿ ಎಂದು ಕೊಡುವ ಬ್ರ್ಯಾಂಡ್ ಜಾಹೀರಾತು ಒಂದು. ಈಗಲೇ ಕೊಳ್ಳಲಿ, ಆ್ಯಪ್ ಹಾಕಿಕೊಳ್ಳಲಿ ಎಂದು ಕೊಡುವುದು ಇನ್ನೊಂದು. ಹಳೆಯ ಟ್ವಿಟರ್‌ನ ಜಾಹೀರಾತು ಆದಾಯದಲ್ಲಿ ಸುಮಾರು 85 ಶೇಕಡಾ ಮೊದಲನೆಯ ಜಾತಿಯದು. ಇದೇ ಅದರ ರೋಗದ ಮೂಲ. ಗೂಗಲ್‌ನಲ್ಲಿ ಹುಡುಕುವವನು ತನಗೆ ಏನು ಬೇಕೆಂದು ತಾನೇ ಬರೆದು ಹೇಳುತ್ತಾನೆ. ಫೇಸ್‌ಬುಕ್‌ಗೆ ಅವನ ವಯಸ್ಸು, ನಂಟರು, ಇಷ್ಟಾನಿಷ್ಟ ಗೊತ್ತು. ಎಕ್ಸ್‌ಗೆ ಬರುವವನು ಸುದ್ದಿಗೆ ಬರುತ್ತಾನೆ, ಜಗಳಕ್ಕೆ ಬರುತ್ತಾನೆ. ಕೊಳ್ಳುವ ಮನಸ್ಸಿನಲ್ಲಿ ಇರುವುದಿಲ್ಲ.

ಬ್ರ್ಯಾಂಡ್ ಬಜೆಟ್‌ಗೆ ಇನ್ನೊಂದು ಗುಣವಿದೆ: ಅದು ಹೆದರಿದರೆ ಓಡುತ್ತದೆ, ಓಡಿದರೆ ಆ ವಾರದ ಮಾರಾಟ ಕುಸಿಯುವುದಿಲ್ಲ, ಹಾಗಾಗಿ ವಾಪಸ್ ಬರುವ ಅವಸರವೂ ಇರುವುದಿಲ್ಲ. 2020ರ ಜುಲೈನಲ್ಲಿ ಸಾವಿರಕ್ಕೂ ಹೆಚ್ಚು ಜಾಹೀರಾತುದಾರರು ಫೇಸ್‌ಬುಕ್ ಬಹಿಷ್ಕರಿಸಿದರು. ಆ ತ್ರೈಮಾಸಿಕದಲ್ಲಿ ಅದರ ಆದಾಯ 22 ಶೇಕಡಾ ಏರಿತು, ಯಾಕೆಂದರೆ ಲಕ್ಷಾಂತರ ಸಣ್ಣ ವ್ಯಾಪಾರಿಗಳು ಒಂದು ದಿನ ನಿಲ್ಲಿಸಿದರೂ ಅವರ ಗಲ್ಲಾಪೆಟ್ಟಿಗೆ ಖಾಲಿ. 2023ರ ನವೆಂಬರ್‌ನಲ್ಲಿ ಐಬಿಎಂ, ಆ್ಯಪಲ್, ಡಿಸ್ನಿ ಎಕ್ಸ್‌ನಿಂದ ಜಾಹೀರಾತು ಹಿಂತೆಗೆದಾಗ ಅಂಥ ಆಸರೆ ಇರಲಿಲ್ಲ. ಕಂಪನಿ ಆಮೇಲೆ ಜಾಹೀರಾತುದಾರರ ಒಕ್ಕೂಟದ ಮೇಲೇ ಮೊಕದ್ದಮೆ ಹೂಡಿತು. ಬಿಟ್ಟುಹೋದ ಗಿರಾಕಿಯನ್ನು ಕೋರ್ಟಿಗೆ ಎಳೆದ ಅಂಗಡಿಗೆ ಹೊಸ ಗಿರಾಕಿ ಕಾಲಿಡಲು ಯೋಚಿಸುತ್ತಾನೆ ಎಂಬುದು ವ್ಯಾಪಾರದ ಅಆಇಈ.

ಇಷ್ಟಾದರೂ ಕೊಡಬಹುದೇ? ಕ್ರೀಡೆ, ಸುದ್ದಿ, ಗೇಮಿಂಗ್, ಸಾಫ್ಟ್‌ವೇರ್ ಉಪಕರಣ ಮಾರುವವರಿಗೆ ಕೊಡಬಹುದು. ಜಾಹೀರಾತಿನ ಜಾಗ ಹೋಗುವುದು ಹರಾಜಿನಲ್ಲಿ, ಸ್ಪರ್ಧೆ ಕಡಿಮೆಯಾದಷ್ಟೂ ದರ ಇಳಿಯುತ್ತದೆ. ಆದರೆ ಹೇಗೆ ಕೊಡಬೇಕು ಎಂಬುದರಲ್ಲೇ ಎಲ್ಲ ಇದೆ. ಕ್ಯಾಂಪೇನ್ ಮಾಡುವಾಗ ಉದ್ದೇಶದ ಜಾಗದಲ್ಲಿ 'ಎಂಗೇಜ್‌ಮೆಂಟ್' ಆರಿಸಬೇಡಿ. ಲೈಕ್ ಒತ್ತುವವರನ್ನು ಹುಡುಕಿ ತಂದುಕೊಡುತ್ತದೆ, ಕೊಳ್ಳುವವರನ್ನಲ್ಲ. ವೆಬ್‌ಸೈಟ್ ಕನ್ವರ್ಷನ್ (ತಾಣಕ್ಕೆ ಬಂದವರು ಕೊಳ್ಳುವುದು) ಆರಿಸಿ, ಮೊದಲು ನಿಮ್ಮ ತಾಣದಲ್ಲಿ ಎಕ್ಸ್ ಪಿಕ್ಸೆಲ್, ಅಂದರೆ ಬಂದವರು ಏನು ಮಾಡಿದರೆಂದು ಎಕ್ಸ್‌ಗೆ ತಿಳಿಸುವ ಪುಟ್ಟ ಕೋಡ್, ಹಾಕಿ. ಪಿಕ್ಸೆಲ್ ಒಂದೇ ಸಾಲದು: ಆ್ಯಡ್ ಬ್ಲಾಕರ್‌ಗಳೂ ಕೆಲವು ಬ್ರೌಸರ್‌ಗಳೂ ಅದನ್ನು ತಡೆಯುತ್ತವೆ, ಆದ್ದರಿಂದ ನಿಮ್ಮ ಸರ್ವರ್‌ನಿಂದಲೇ ಮಾಹಿತಿ ಕಳಿಸುವ ಕನ್ವರ್ಷನ್ ಎಪಿಐ ಕೂಡ ಜೋಡಿಸಿ, ಎರಡರಲ್ಲೂ ಒಂದೇ ಐಡಿ ಕೊಡಿ. ಇಲ್ಲದಿದ್ದರೆ ಒಂದು ಖರೀದಿ ಎರಡಾಗಿ ಎಣಿಕೆಯಾಗುತ್ತದೆ, ನೀವು ಡ್ಯಾಶ್‌ಬೋರ್ಡ್ ನೋಡಿ ಸುಮ್ಮನೆ ಹಿಗ್ಗುತ್ತೀರಿ.

ಹರಾಜಿನಲ್ಲಿ ಕೂಗುವ ಬೆಲೆಯನ್ನು, ಅಂದರೆ ಬಿಡ್ ಅನ್ನು, ಆಟೋಗೆ ಬಿಟ್ಟರೆ ದಿನದ ಬಜೆಟ್ ಮುಗಿಸುವುದೇ ಅದರ ಗುರಿ. ದಿನದ ಮಿತಿ, ಗರಿಷ್ಠ ಬಿಡ್ ಎರಡನ್ನೂ ಕೈಯಾರೆ ಹಾಕಿ. ಮೊದಲ ವಾರ ಒಂದೇ ಕೆಲಸ: ಡ್ಯಾಶ್‌ಬೋರ್ಡ್ ತೋರಿಸುವ ಕ್ಲಿಕ್ ಸಂಖ್ಯೆಯನ್ನು ನಿಮ್ಮ ತಾಣದ ಸ್ವಂತ ಅನಲಿಟಿಕ್ಸ್‌ನ ಭೇಟಿ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡುವುದು. ನೂರು ಕ್ಲಿಕ್‌ಗೆ ಐವತ್ತು ಭೇಟಿಯೂ ಬಾರದಿದ್ದರೆ ಬೆರಳು ತಾಗಿ ಆದ ಕ್ಲಿಕ್ ಇರಬಹುದು, ಮನುಷ್ಯನಲ್ಲದ ಬಾಟ್ ತಂತ್ರಾಂಶ ಇರಬಹುದು, ನಿಮ್ಮ ಪುಟವೇ ನಿಧಾನ ತೆರೆಯುತ್ತಿರಬಹುದು. ಮೂರನೆಯದನ್ನು ಮೊದಲು ಪರೀಕ್ಷಿಸಿ, ಸರಿಪಡಿಸಲು ನಿಮ್ಮ ಕೈಲಿರುವುದು ಅದೊಂದೇ. ಬರೀ ಜಾಹೀರಾತು ಕಣ್ಣಿಗೆ ಬಿದ್ದದ್ದಕ್ಕೇ ಖರೀದಿಯ ಶ್ರೇಯಸ್ಸು ಎಳೆದುಕೊಳ್ಳುವ 'ವ್ಯೂ' ವಿಂಡೋವನ್ನು ವರದಿಯಿಂದ ಬೇರ್ಪಡಿಸಿ ಓದಿ. ಖಚಿತವಾಗಿ ತಿಳಿಯಬೇಕೆಂದರೆ ಒಂದೇ ಬಗೆಯ ಎರಡು ಪ್ರದೇಶ ಆರಿಸಿ, ಒಂದರಲ್ಲಿ ಮೂರು ವಾರ ಜಾಹೀರಾತು ನಡೆಸಿ, ಇನ್ನೊಂದರಲ್ಲಿ ಪೂರ್ತಿ ನಿಲ್ಲಿಸಿ. ಎರಡರ ಮಾರಾಟದಲ್ಲಿ ವ್ಯತ್ಯಾಸ ಕಾಣದಿದ್ದರೆ ಡ್ಯಾಶ್‌ಬೋರ್ಡ್ ಏನೇ ಹೇಳಲಿ, ಬಿಡಿ.

ಇಲ್ಲಿ ಜಾಹೀರಾತು ಎಂದರೆ ಅದೂ ಒಂದು ಪೋಸ್ಟ್. ಕೆಳಗೆ ಯಾರು ಬೇಕಾದರೂ ಬಂದು ಬೈಯಬಹುದು, ಬೈಗುಳ ಜಾಹೀರಾತಿನ ಜೊತೆಯೇ ಓಡಾಡುತ್ತದೆ. ಉತ್ತರ ಯಾರು ಬರೆಯಬಹುದು ಎಂಬುದನ್ನು ಪ್ರಕಟಿಸುವಾಗಲೇ ಮಿತಗೊಳಿಸಿ. ಬಂದ ಉತ್ತರವನ್ನು ಅಡಗಿಸುವ ಸೌಲಭ್ಯ 2019ರಿಂದ ಇದೆ, ಆದರೆ ಅಡಗಿಸಿದ್ದನ್ನು ತೆರೆದು ನೋಡುವ ದಾರಿಯೂ ಜೊತೆಗೇ ಇದೆ. ಹೇಳಿಕೆಯಲ್ಲಿ ಉತ್ಪ್ರೇಕ್ಷೆ ಇದ್ದರೆ ಬಳಕೆದಾರರೇ ಬರೆಯುವ ತಿದ್ದುಪಡಿ ಟಿಪ್ಪಣಿ, ಕಮ್ಯುನಿಟಿ ನೋಟ್ಸ್, ಬಂದು ಅಂಟಿಕೊಳ್ಳುತ್ತದೆ. ಕಾಸು ಕೊಟ್ಟಿದ್ದೇವೆ ಎಂದು ಅದು ಬಿಡುವುದಿಲ್ಲ. ಇದು ಈ ತಾಣದ ಅತ್ಯಂತ ಮೆಚ್ಚಬೇಕಾದ ಭಾಗ, ಜಾಹೀರಾತುದಾರರಿಗೆ ಅತ್ಯಂತ ಕಿರಿಕಿರಿಯ ಭಾಗವೂ ಹೌದು. ಬೇಡದ ಪದ, ಬೇಡದ ಖಾತೆಗಳ ಪಟ್ಟಿ ಕೊಟ್ಟರೆ ಅಂಥ ಪೋಸ್ಟ್‌ಗಳ ಪಕ್ಕ ನಿಮ್ಮ ಜಾಹೀರಾತು ಬರದಂತೆ ತಡೆಯುತ್ತಾರೆ. ಆದರೆ 'ಪಕ್ಕ' ಎಂದರೆ ಮುಖ್ಯ ಫೀಡ್‌ನಲ್ಲಿ ತಕ್ಷಣ ಮೇಲಿನದು, ತಕ್ಷಣ ಕೆಳಗಿನದು, ಅಷ್ಟೇ. ಪದಗಳನ್ನು ಜನ ನಿಜವಾಗಿ ಬರೆಯುವ ಎಲ್ಲ ಕಾಗುಣಿತದಲ್ಲೂ ಹಾಕಬೇಕು. ಶುದ್ಧ ಕಾಗುಣಿತ ಒಂದನ್ನೇ ಹಾಕಿದರೆ ಪಟ್ಟಿ ದಂಡ.

ಟಿಕ್ ಕೌಂಟರ್

ಹಳೆಯ ನೀಲಿ ಟಿಕ್‌ಗೆ ದರ ಇರಲಿಲ್ಲ, ಅರ್ಥ ಇತ್ತು: ಈ ಹೆಸರಿನವರು ಇವರೇ. ಬೇಕೆಂದವರಿಗೆಲ್ಲ ಸಿಗದ್ದರಿಂದಲೇ ಅದಕ್ಕೆ ಬೆಲೆ. 2022ರ ನವೆಂಬರ್ 9ಕ್ಕೆ ಅದನ್ನು ತಿಂಗಳಿಗೆ 7.99 ಡಾಲರ್‌ಗೆ ಮಾರಲು ಶುರುಮಾಡಿದರು. ಮರುದಿನವೇ ಎಲಿ ಲಿಲ್ಲಿ ಔಷಧ ಕಂಪನಿಯ ಹೆಸರಿನ ನಕಲಿ ಖಾತೆಯೊಂದು ಟಿಕ್ ಸಮೇತ 'ಇನ್ಸುಲಿನ್ ಇನ್ನು ಉಚಿತ' ಎಂದು ಬರೆಯಿತು. ಅಸಲಿ ಕಂಪನಿ ಕ್ಷಮೆ ಕೇಳಿ ಸ್ಪಷ್ಟನೆ ಕೊಡಬೇಕಾಯಿತು. ಎಂಟು ಡಾಲರ್ ಗಳಿಸಲು ಹೋಗಿ ಬ್ರ್ಯಾಂಡ್ ಜಾಹೀರಾತುದಾರರ ಎದೆ ನಡುಗಿಸಿದ ಘಟನೆ ಇದು. ಮಾರಾಟ ನಿಲ್ಲಿಸಿ, ಡಿಸೆಂಬರ್ 12ಕ್ಕೆ ಮತ್ತೆ ತೆರೆದರು: ವೆಬ್‌ನಲ್ಲಿ 8 ಡಾಲರ್, ಐಫೋನ್ ಆ್ಯಪ್‌ನಲ್ಲಿ 11. ಆ ಮೂರು ಡಾಲರ್ ಯಾಕೆಂದರೆ ಆ್ಯಪಲ್ 30 ಶೇಕಡಾ ಕಮಿಷನ್ ಹಿಡಿದುಕೊಳ್ಳುತ್ತದೆ. 11ರಲ್ಲಿ ಕಂಪನಿಗೆ ಉಳಿಯುವುದು 7.70. ಆದ್ದರಿಂದ ಕೊಳ್ಳುವುದಿದ್ದರೆ ವೆಬ್‌ನಲ್ಲೇ ಕೊಳ್ಳಿ. ರದ್ದು ಮಾಡುವಾಗಲೂ ಕೊಂಡ ಜಾಗದಲ್ಲೇ ಮಾಡಬೇಕು: ಆ್ಯಪ್‌ನಲ್ಲಿ ಕೊಂಡದ್ದು ಫೋನಿನ ಸಬ್‌ಸ್ಕ್ರಿಪ್ಷನ್ ಪುಟದಲ್ಲಿರುತ್ತದೆ, ಎಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಹುಡುಕುತ್ತ ಕೂತರೆ ಇನ್ನೊಂದು ತಿಂಗಳ ದುಡ್ಡು ಹೋಗಿರುತ್ತದೆ.

ಚಂದಾ ಜಾಹೀರಾತಿನ ಜಾಗ ತುಂಬೀತೇ? 8 ಡಾಲರ್ ಅಂದರೆ ವರ್ಷಕ್ಕೆ 96. 2021ರ 451 ಕೋಟಿ ಜಾಹೀರಾತು ಆದಾಯಕ್ಕೆ ಸಮ ಮಾಡಲು ಸುಮಾರು 4.7 ಕೋಟಿ ಚಂದಾದಾರರು ಬೇಕು. ಕಂಪನಿ ಮಾರಾಟವಾಗುವ ಮುನ್ನ ಕೊನೆಯದಾಗಿ ಪ್ರಕಟಿಸಿದ ದಿನದ ಬಳಕೆದಾರರು 23.78 ಕೋಟಿ, ಐವರಲ್ಲಿ ಒಬ್ಬ ದುಡ್ಡು ಕೊಡಬೇಕು. ಸಮೀಕ್ಷೆ ನಡೆಸುವ ಪ್ಯೂ ಸಂಸ್ಥೆ 2021ರಲ್ಲಿ ಅಮೆರಿಕದ ವಯಸ್ಕ ಬಳಕೆದಾರರ ಬಗ್ಗೆ ಕಂಡುಕೊಂಡದ್ದನ್ನು ಇದರ ಪಕ್ಕ ಇಡಿ: ಹೆಚ್ಚು ಬರೆಯುವ ಕಾಲು ಭಾಗ ಜನರಿಂದಲೇ 97 ಶೇಕಡಾ ಟ್ವೀಟ್‌ಗಳು. ಉಳಿದ ಮುಕ್ಕಾಲು ಪಾಲು ಸುಮ್ಮನೆ ಓದುವವರು. ಓದುವವನಿಗೆ ಟಿಕ್ ಯಾಕೆ? ಚಂದಾ ಕೊಳ್ಳುವುದು ಹಗಲೂ ರಾತ್ರಿ ಅಲ್ಲೇ ಇರುವವನು, ಅವನೇ ಅತಿ ಹೆಚ್ಚು ಜಾಹೀರಾತು ನೋಡುತ್ತಿದ್ದವನೂ. ಪ್ರೀಮಿಯಂ ಎಂಬ ಈ 8 ಡಾಲರ್‌ನ ಚಂದಾ ಅವನಿಗೆ ಫೀಡ್‌ನ ಜಾಹೀರಾತನ್ನು ಅರ್ಧಕ್ಕೆ ಇಳಿಸುತ್ತದೆ. ಬಲಗೈಗೆ ಬಂದದ್ದು ಎಡಗೈಯಿಂದ ಜಾರಿತು.

ಇನ್ನೂ ಆಳದ ತೊಂದರೆ ಉತ್ತರಗಳ ಸಾಲಿನಲ್ಲಿದೆ. ಚಂದಾದಾರರ ಉತ್ತರಗಳನ್ನು ಮೇಲಕ್ಕೆತ್ತಿ ತೋರಿಸುತ್ತಾರೆ. 2023ರ ಜುಲೈಯಿಂದ ಅವರಿಗೆ ಆದಾಯದ ಪಾಲನ್ನೂ ಕೊಡತೊಡಗಿದರು. ಷರತ್ತು ಆಮೇಲೆ ಮೂರು ತಿಂಗಳಲ್ಲಿ 50 ಲಕ್ಷ ಇಂಪ್ರೆಷನ್‌ಗೆ (ಪೋಸ್ಟ್ ಯಾರದೋ ಪರದೆಯಲ್ಲಿ ಕಂಡರೆ ಒಂದು), 500 ಹಿಂಬಾಲಕರಿಗೆ ಬಂದು ನಿಂತಿತು. 2023ರಲ್ಲಿ ಬಿಡುಗಡೆಯಾದ ಕೋಡ್‌ನ ಅಂಕಗಳನ್ನು ಇದಕ್ಕೆ ಸೇರಿಸಿ ನೋಡಿ: ಲೈಕ್ ಬರುವ ಸಂಭವಕ್ಕೆ ಅರ್ಧ ಅಂಕ, ಉತ್ತರ ಬರುವ ಸಂಭವಕ್ಕೆ 13.5, ಆ ಉತ್ತರಕ್ಕೆ ಬರೆದವರೇ ಪ್ರತಿಕ್ರಿಯಿಸುವುದಕ್ಕೆ 75. ಯಾರಾದರೂ ರಿಪೋರ್ಟ್ ಮಾಡುವ ಸಂಭವಕ್ಕೆ 369 ಕಡಿತ. ರಿಪೋರ್ಟ್ ಆಗದಷ್ಟು ಎಚ್ಚರದಿಂದ ಜನರನ್ನು ಕೆಣಕುವವನಿಗೆ ಇದಕ್ಕಿಂತ ಒಳ್ಳೆಯ ಸುಗ್ಗಿ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪಾಲಿನ ಲೆಕ್ಕವನ್ನು ಉತ್ತರಗಳ ನಡುವಿನ ಜಾಹೀರಾತಿನಿಂದ ತಪ್ಪಿಸಿ, ಪ್ರೀಮಿಯಂ ಬಳಕೆದಾರರ ಸ್ಪಂದನೆಗೆ ಕಟ್ಟಿದರು. ಈಗ ಚಂದಾದಾರರು ಪರಸ್ಪರ ಬೆನ್ನು ತಟ್ಟಿಕೊಂಡರೂ ಕಾಸು. ಒಂದು ದೊಡ್ಡ ಸುದ್ದಿಯ ಕೆಳಗೆ ತಜ್ಞರ ಮಾತು ಓದಲು ಹೋದವನಿಗೆ ಮೊದಲ ಮೂವತ್ತು ಉತ್ತರ ಇವರವೇ ಸಿಕ್ಕರೆ, ಅವನು ಬಂದ ಕಾರಣವೇ ಕರಗಿಹೋಗುತ್ತದೆ.

ಸರಕಾಗಿ ನೋಡಿದರೆ 8 ಡಾಲರ್‌ನ ಪ್ರೀಮಿಯಂನಲ್ಲಿ ಕೆಲಸಕ್ಕೆ ಬರುವುದು ಎರಡೇ: ಒಂದು ಗಂಟೆಯೊಳಗೆ ಪೋಸ್ಟ್ ತಿದ್ದುವ ಅವಕಾಶ, 25,000 ಅಕ್ಷರದವರೆಗಿನ ಬರಹ. ಮೂರು ಡಾಲರ್‌ನ ಬೇಸಿಕ್‌ನಲ್ಲಿ ಟಿಕ್ ಇಲ್ಲ, ಆದರೆ ಈ ಎರಡೂ ಇವೆ. ಬರೆಯುವವರಿಗೆ ಅದೇ ಜಾಣತನದ ಖರೀದಿ. ಪ್ರೀಮಿಯಂ ಪ್ಲಸ್ ದರ 2023ರ ಅಕ್ಟೋಬರ್‌ನಲ್ಲಿ 16 ಡಾಲರ್ ಇದ್ದದ್ದು 2025ರ ಫೆಬ್ರುವರಿ ಹೊತ್ತಿಗೆ 40ಕ್ಕೆ ಏರಿತು, ಕಾರಣ ಅದರ ಜೊತೆ ಬರುವ ಎಐ ಚಾಟ್‌ಬಾಟ್ ಗ್ರೋಕ್. ದರವೂ ಸೌಲಭ್ಯವೂ ಹೀಗೆ ಕುಣಿಯುವಾಗ ರಿಯಾಯಿತಿ ನೋಡಿ ವರ್ಷದ ಚಂದಾ ಕಟ್ಟಬೇಡಿ, ತಿಂಗಳಿಗೆ ಕಟ್ಟಿ. ಟಿಕ್ ಬಂದಮೇಲೆ ಹೆಸರನ್ನೋ ಫೋಟೋವನ್ನೋ ಬದಲಿಸಿದರೆ ಪರಿಶೀಲನೆ ಮುಗಿಯುವವರೆಗೆ ಟಿಕ್ ಮಾಯವಾಗುತ್ತದೆ. ಕಾರ್ಯಕ್ರಮದ ಹಿಂದಿನ ದಿನ ಪ್ರೊಫೈಲ್ ಮುಟ್ಟಬೇಡಿ. ಯುರೋಪಿಯನ್ ಕಮಿಷನ್ 2025ರ ಡಿಸೆಂಬರ್‌ನಲ್ಲಿ ಎಕ್ಸ್‌ಗೆ 12 ಕೋಟಿ ಯೂರೊ ದಂಡ ಹಾಕಿದ್ದಕ್ಕೆ ಒಂದು ಕಾರಣ ಇದೇ ಟಿಕ್: ಗುರುತು ಪರೀಕ್ಷಿಸದೆ 'ಪರಿಶೀಲಿತ' ಎಂದು ಮಾರುವುದು ಜನರನ್ನು ದಾರಿತಪ್ಪಿಸುತ್ತದೆ ಎಂದು.

ಎಸ್‌ಎಂಎಸ್ ಮೂಲಕ ಎರಡನೇ ಹಂತದ ಲಾಗಿನ್ ಭದ್ರತೆಯೂ 2023ರ ಮಾರ್ಚ್ 20ರಿಂದ ಚಂದಾದಾರರಿಗೆ ಮಾತ್ರ. ನಕಲಿ ಖಾತೆಗಳು ಎಸ್‌ಎಂಎಸ್ ತರಿಸಿಕೊಳ್ಳುತ್ತವೆ, ಆ ಎಸ್‌ಎಂಎಸ್‌ನ ದರದಲ್ಲಿ ಟೆಲಿಕಾಂ ಕಂಪನಿಗಳಿಗೆ ಪಾಲು ಸಿಗುತ್ತದೆ, ವರ್ಷಕ್ಕೆ 6 ಕೋಟಿ ಡಾಲರ್ ಹೀಗೆ ಸೋರುತ್ತಿದೆ ಎಂದು ಕಂಪನಿಯನ್ನು ಕೊಂಡ ಎಲಾನ್ ಮಸ್ಕ್ ಹೇಳಿದ್ದರು. ಇದಕ್ಕಾಗಿ ದುಡ್ಡು ಕೊಡಬೇಡಿ. ಅಥೆಂಟಿಕೇಟರ್ ಆ್ಯಪ್ ಉಚಿತ, ಎಸ್‌ಎಂಎಸ್‌ಗಿಂತ ಭದ್ರ. ಬ್ಯಾಕಪ್ ಕೋಡ್ ಬರೆದಿಟ್ಟುಕೊಂಡರೆ ಸಾಕು.

ಎಪಿಐ ಕೌಂಟರ್

ಉಚಿತ ಎಪಿಐ ನಿಲ್ಲಿಸುತ್ತೇವೆ ಎಂದು ಘೋಷಿಸಿದ್ದು 2023ರ ಫೆಬ್ರುವರಿಯಲ್ಲಿ. ಬಂದ ದರ: ತಿಂಗಳಿಗೆ 100 ಡಾಲರ್‌ಗೆ 10,000 ಪೋಸ್ಟ್ ಓದಬಹುದಿತ್ತು, 5,000 ಡಾಲರ್‌ಗೆ 10 ಲಕ್ಷ. ನಡುವೆ ಮೆಟ್ಟಿಲೇ ಇರಲಿಲ್ಲ. ಹತ್ತು ಸಾವಿರ ಪೋಸ್ಟ್ ಒಂದು ಸಣ್ಣ ಸಂಶೋಧನೆಗೂ ಒಂದು ಬೆಳಗಿಗೆ ಮುಗಿಯುತ್ತದೆ. ಐದು ಸಾವಿರ ಡಾಲರ್ ಸಣ್ಣ ತಂಡದ ಸಂಬಳ. ಮೊದಲ ಮೆಟ್ಟಿಲು ಮರುವರ್ಷ 200 ಡಾಲರ್ ಆಯಿತು. ನ್ಯೂಯಾರ್ಕ್‌ನ ಸಾರಿಗೆ ಸಂಸ್ಥೆ ಎಂಟಿಎ ರೈಲು ವಿಳಂಬದ ಸೂಚನೆಗಳನ್ನು ಇಲ್ಲಿ ಹಾಕುವುದನ್ನೇ 2023ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಜನ ಫೋನ್ ತೆಗೆದು ಎಕ್ಸ್ ನೋಡಲು ಕಾರಣವಾದ ಮಾಲನ್ನು ಪುಕ್ಕಟೆ ತಂದುಕೊಡುತ್ತಿದ್ದವರ ಬಳಿಯೇ ಶುಲ್ಕ ಕೇಳಿದಂತಾಯಿತು. ಮೇ ಮೊದಲ ವಾರದಲ್ಲಿ ಸಾರ್ವಜನಿಕ ಸೇವೆಗಳಿಗೆ ವಿನಾಯಿತಿ ಬಂತು.

ದರ ಕೊಡಲಾಗದವರಿಗೆ ಉಳಿಯುವ ದಾರಿ ಪುಟಗಳನ್ನೇ ಕೆರೆದು ತೆಗೆಯುವ ಸ್ಕ್ರೇಪಿಂಗ್. ಅದೇ ಸ್ಕ್ರೇಪಿಂಗ್ ಕಾರಣ ಕೊಟ್ಟು 2023ರ ಜುಲೈ 1ರಂದು ಓದುವುದಕ್ಕೇ ಮಿತಿ ಹಾಕಿದರು: ಟಿಕ್ ಇದ್ದವರಿಗೆ ದಿನಕ್ಕೆ 6,000 ಪೋಸ್ಟ್, ಇಲ್ಲದವರಿಗೆ 600, ಹೊಸಬರಿಗೆ 300. ಗಂಟೆಗಳಲ್ಲೇ ಮಿತಿ ಏರಿಸಿದರು, ಅದು ಬೇರೆ ಮಾತು. 600 ಮುಗಿದವನಿಗೆ ಜಾಹೀರಾತು ತೋರಿಸುವುದೆಲ್ಲಿ? ಎಪಿಐ ಕೌಂಟರ್‌ನ ಬಾಗಿಲು ಬಿಗಿಮಾಡಿದ್ದು ಮೊದಲ ಕೌಂಟರ್‌ನ ಗಲ್ಲಾಕ್ಕೇ ಬಂದು ತಾಗಿತು. ಈ ಎಪಿಐ ಮೇಲೆ ಉತ್ಪನ್ನ ಕಟ್ಟುವವರು ಒಂದು ಲೆಕ್ಕ ಇಟ್ಟುಕೊಳ್ಳಿ: 2023ರ ಜನವರಿಯಲ್ಲಿ ಟ್ವೀಟ್‌ಬಾಟ್, ಟ್ವಿಟರಿಫಿಕ್‌ನಂಥ ಹಳೆಯ ಆ್ಯಪ್‌ಗಳು ಮುನ್ಸೂಚನೆಯೇ ಇಲ್ಲದೆ ಒಂದು ರಾತ್ರಿಯಲ್ಲಿ ನಿಂತುಹೋದವು. ಪೋಸ್ಟ್ ಹಾಕುವ ಕೆಲಸಕ್ಕೆ ಎಪಿಐ ಬಳಸಿ. ಓದುವುದರ ಮೇಲೆಯೇ ವ್ಯಾಪಾರ ಕಟ್ಟಬೇಡಿ.

ಇಷ್ಟೊಂದು ಅವಸರ ಯಾಕೆ ಎಂಬುದಕ್ಕೆ ಉತ್ತರ ಸಾಲದಲ್ಲಿದೆ. 2022ರ ಅಕ್ಟೋಬರ್ 27ರಂದು ಮಸ್ಕ್ 4,400 ಕೋಟಿ ಡಾಲರ್‌ಗೆ ಕಂಪನಿ ಕೊಂಡಾಗ ಅದರಲ್ಲಿ ಸುಮಾರು 1,300 ಕೋಟಿ ಬ್ಯಾಂಕ್ ಸಾಲ, ಹೊತ್ತದ್ದು ಕಂಪನಿಯ ಹೆಗಲ ಮೇಲೆ. ಬಡ್ಡಿಯೇ ವರ್ಷಕ್ಕೆ 100 ಕೋಟಿ ಡಾಲರ್ ಮೀರುವಂಥದ್ದು. ಸುಮಾರು ಒಂದು ವಾರದಲ್ಲಿ 7,500ರಷ್ಟು ನೌಕರರಲ್ಲಿ ಅರ್ಧ ಜನ ಮನೆಗೆ ಹೋದರು. ದಾರಿ ಹುಡುಕಲು ವರ್ಷಗಟ್ಟಲೆ ಬೇಕಾದ ವ್ಯವಹಾರಕ್ಕೆ ಇಷ್ಟು ಬಡ್ಡಿ ಕಟ್ಟುವ ಹೊಣೆ ಬಿದ್ದರೆ, ತಿಂಗಳಿಗೊಂದು ದರಪಟ್ಟಿ ಹೊರಬರುವುದು ಸಹಜ. ಜೊತೆಗೆ ದೇಶದೇಶಗಳ ಕಾನೂನು: ಬ್ರೆಜಿಲ್ 2024ರ ಆಗಸ್ಟ್ 30ರಿಂದ ಅಕ್ಟೋಬರ್ 8ರವರೆಗೆ ತಾಣವನ್ನೇ ಮುಚ್ಚಿಸಿತ್ತು. ಆ ದೇಶಕ್ಕೆಂದು ಕ್ಯಾಂಪೇನ್ ಬರೆದಿಟ್ಟವರ ಯೋಜನೆ ಐದು ವಾರ ಕಪಾಟಿನಲ್ಲಿತ್ತು. ಬಹುದೇಶಗಳಲ್ಲಿ ಜಾಹೀರಾತು ಕೊಡುವವರು ಎಕ್ಸ್‌ನ ಪಾಲನ್ನು ಎರಡು ದಿನದಲ್ಲಿ ಬೇರೆಡೆ ತಿರುಗಿಸುವಂತೆ ಇಟ್ಟುಕೊಳ್ಳಬೇಕು.

2025ರ ಮಾರ್ಚ್ 28ರಂದು ಎಕ್ಸ್ ಅನ್ನು ಮಸ್ಕ್ ಅವರದೇ ಎಐ ಕಂಪನಿ ಎಕ್ಸ್‌ಎಐ ಕೊಂಡಿತು. ಸಾಲ ಕಳೆದು ಹಾಕಿದ ಬೆಲೆ 3,300 ಕೋಟಿ ಡಾಲರ್. ಅಲ್ಲಿಗೆ ನಾಲ್ಕನೆಯ ಕೌಂಟರ್ ಅಧಿಕೃತವಾಯಿತು. ಮೂರು ಕೌಂಟರ್‌ನಲ್ಲಿ ಮಾರಿ ಮಿಕ್ಕ ಮಾತೆಲ್ಲ ಗ್ರೋಕ್‌ನ ತರಬೇತಿಗೆ ಹೋಗುತ್ತದೆ, ಅಲ್ಲಿ ಯಾರಿಗೂ ಬಿಲ್ ಕೊಡುವುದಿಲ್ಲ. ಬೇಡದವರು ಸೆಟ್ಟಿಂಗ್ಸ್‌ನಲ್ಲಿ 'ಪ್ರೈವಸಿ ಆ್ಯಂಡ್ ಸೇಫ್ಟಿ'ಗೆ ಹೋಗಿ, ದತ್ತಾಂಶ ಹಂಚಿಕೆಯ ಭಾಗದಲ್ಲಿ ಗ್ರೋಕ್ ಹೆಸರಿನ ಸಾಲು ತೆರೆದು, ಟಿಕ್ ತೆಗೆಯಬಹುದು. ಈ ಟಿಕ್ ತೆಗೆಯಲು ದುಡ್ಡು ಕೊಡಬೇಕಿಲ್ಲ. ಈಗಾಗಲೇ ತರಬೇತಿಗೆ ಹೋದ ಪೋಸ್ಟ್‌ಗಳು ಮಾತ್ರ ಇದರಿಂದ ಹಿಂದಿರುಗುವುದಿಲ್ಲ; ಕಂಪನಿಯ ಖಾತೆ ನಡೆಸುವವರು ಮೊದಲ ಪೋಸ್ಟ್ ಹಾಕುವ ಮುನ್ನವೇ ಅದನ್ನು ತೆಗೆದಿಡುವುದು ಒಳ್ಳೆಯದು.